ನಕ್ಕಲಕೆರೆ ಎಕ್ಸ್‌ಚೇಂಜಿಗೆ ಕೋಡಿ

ಮಂಚೇನಹಳ್ಳಿ ಕಡೆಯಿಂದ ಬಂದ ಬೆಳಗಿನ ಬಸ್ಸು ಒಂದು ರಟ್ಟಿನ ಡಬ್ಬವನ್ನು ಇಳಿಸಿ ಹೋಗದಿದ್ದರೆ, ಆ ದಿನವೂ ನರಸಿಂಹಮೂರ್ತಿಯ ಪಾಲಿಗೆ ಎಲ್ಲ ದಿನಗಳಂತೆ ನೆಮ್ಮದಿಯಾಗಿ, ಎಂದರೆ ದುಃಖವಾಗಿ, ಕಳೆದುಹೋಗುತ್ತಿತ್ತು.

ಮೂರ್ತಿ ನಕ್ಕಲಕೆರೆ ಟೆಲಿಫೋನ್ ಎಕ್ಸ್‌ಚೇಂಜಿನ ಏಕಮಾತ್ರ ನೌಕರ. ಎಕ್ಸ್‌ಚೇಂಜು ಎಂದರೆ ಬಯ್ಯಪ್ಪನ ಹೋಟೆಲಿಗೆ ಅಂಟಿಕೊಂಡ ಒಂದು ಬಾಡಿಗೆ ಕೋಣೆ, ಅದರೊಳಗೆ ಬೀರುವಿನಷ್ಟು ಎತ್ತರದ ಒಂದು ಯಂತ್ರ, ಯಂತ್ರದೊಳಗೆ ಸಾಲಾಗಿ ಕಾರ್ಡು ಎಂದು ಕರೆಯುವ ಸರ್ಕ್ಯೂಟ್ ಹಲಗೆಗಳು, ಯಂತ್ರಕ್ಕೆ ನೇತುಬಿದ್ದ ನೂರ ಎಂಬತ್ತೆರಡು ಫೋನುಗಳು. ಎರಡು ಸಾವಿರದ ಐದನೇ ಇಸವಿ. ಗೌರಿಬಿದನೂರಿನಲ್ಲಿ ಮೊಬೈಲು ಬಂದಿದ್ದರೂ ಅದರ ಸಿಗ್ನಲ್ಲು ನಕ್ಕಲಕೆರೆಯ ದಾರಿ ಹಿಡಿದು ಅರ್ಧದಲ್ಲೇ ವಾಪಸು ಹೋಗುತ್ತಿತ್ತು. ಹೀಗಾಗಿ ಊರಿನ ಮದುವೆ, ಸಾವು, ರೇಷ್ಮೆ ಗೂಡಿನ ರೇಟು ಎಲ್ಲವೂ ಮೂರ್ತಿಯ ಬೀರುವಿನ ಮೂಲಕವೇ ಬರಬೇಕಿತ್ತು.

ಅವನ ಹೆಂಡತಿ ತನುಜ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಶಾಲೆಯಲ್ಲಿ ಟೀಚರು. ಗಂಡ ಹೆಂಡಿರ ನಡುವೆ ನಾಲ್ಕು ಬಸ್ಸು. ಭಾನುವಾರ ಮಾತ್ರ ಭೇಟಿ. ಎರಡು ವರ್ಷದ ಮಗಳು ಸೌಜನ್ಯ ಅಪ್ಪನನ್ನು ಕಂಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಹೋದ ಭಾನುವಾರ ಮೂರ್ತಿ ಬಾಗಿಲಲ್ಲಿ ನಿಂತು ಕೈ ಚಾಚಿದಾಗ ಅವಳು ಅವನನ್ನು ಒಮ್ಮೆ ನೋಡಿ, ನೆಟ್ಟಗೆ ಒಳಗೆ ಓಡಿ ಟೆಲಿಫೋನನ್ನು ತಬ್ಬಿಕೊಂಡು "ಅಪ್ಪ" ಎಂದಳು. ಈ ಸಂಗತಿಯನ್ನು ಮೂರ್ತಿ ಎಲ್ಲರಿಗೂ ನಗುನಗುತ್ತಾ ಹೇಳುತ್ತಿದ್ದ. ವಾಪಸು ಬರುವಾಗ ಶಿಡ್ಲಘಟ್ಟ ದಾಟುವವರೆಗೂ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ಡಬ್ಬ ಬಂದ ಐದು ನಿಮಿಷಕ್ಕೆ ಚಿಕ್ಕಬಳ್ಳಾಪುರದಿಂದ ಅವನ ಮೇಲಧಿಕಾರಿ ಮುನಿನಾರಾಯಣಪ್ಪನವರ ಫೋನು ಬಂತು.

"ಮೂರ್ತಿ, ಡಬ್ಬ ಬಂತೇನಯ್ಯಾ?"

"ಬಂತು ಸಾರ್."

"ಚಿಂತಾಮಣೀಲಿ ಒಂದು ಪೋಸ್ಟು ಖಾಲಿ ಆಗಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಲಿಸ್ಟು ಬೆಂಗಳೂರಿಗೆ ಹೋಗುತ್ತೆ. ನಿನ್ನ ಹೆಸರು ಪೆನ್ಸಿಲಲ್ಲಿ ಬರ್ದಿದ್ದೀನಿ."

ಕೂತಿದ್ದ ಮೂರ್ತಿ ಎದ್ದು ನಿಂತ. "ಪೆನ್ಸಿಲಲ್ಲಿ ಯಾಕೆ ಸಾರ್?"

"ಇನ್ಯಾಕೆ? ಈ ವರ್ಷ ಮೂರು ಸಲ ಸಿಡಿಲಿಗೆ ನಿನ್ನ ಎಕ್ಸ್‌ಚೇಂಜಿನ ಕಾರ್ಡು ಸುಟ್ಟಿವೆ. ಹಂಗೆ ಸುಡೋ ಎಕ್ಸ್‌ಚೇಂಜಿಗೆ ನಿನ್ನ ಬದಲಿ ಅಂತ ಯಾವನು ಬರ್ತಾನೆ? ಆ ಡಬ್ಬದಲ್ಲಿ ಸಿಡಿಲು ತಡೆಯೋ ಟ್ಯೂಬಿದೆ. ಸ್ಟೋರಿನೋರು ಎರಡು ಥರದ್ದು ಕಳಿಸಿದ್ದಾರೆ. ಯಾವುದು ಸರಿಯೋ ಆರಿಸಿ ಇವತ್ತೇ ಹಾಕು. ಸಾಯಂಕಾಲ ಗುಡುಗು ಮಳೆ ಗ್ಯಾರಂಟಿ. ಕಾರ್ಡು ಉಳಿದ್ರೆ ಪೆನ್ಸಿಲ್ ಹೆಸರು ಇಂಕಾಗುತ್ತೆ. ಸುಟ್ರೆ ರಬ್ಬರು ನನ್ ಟೇಬಲ್ ಮೇಲೇ ಇದೆ."

ಮೂರ್ತಿ ಡಬ್ಬ ಬಿಚ್ಚಿದ. ಎರಡು ಪ್ಲಾಸ್ಟಿಕ್ ಚೀಲ. ಒಂದೊಂದರಲ್ಲೂ ಇನ್ನೂರು ಟ್ಯೂಬು. ನೋಡಲು ಕಡಲೆಕಾಯಿ ಬೀಜಕ್ಕೆ ಮೂರು ಕಾಲು ಬಂದ ಹಾಗೆ. ಒಂದು ಚೀಲದವುಗಳ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ 90 ಎಂದಿತ್ತು, ಇನ್ನೊಂದರಲ್ಲಿ 230. ಉಳಿದಂತೆ ಅವಳಿ ಜವಳಿ. ಎಂಟು ವರ್ಷದ ಹಿಂದೆ ಇಲಾಖೆಯವರು ಈ ವಿಷಯದ ಮೇಲೆ ಅವನಿಗೆ ಹತ್ತು ದಿನ ತರಬೇತಿ ಕೊಟ್ಟಿದ್ದರು. ಅದರಲ್ಲಿ ಅವನಿಗೆ ಈಗ ನೆನಪಿದ್ದುದು ಮಧ್ಯಾಹ್ನದ ಊಟ ಮಾತ್ರ.

ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ಕೂತು ಬಯ್ಯಪ್ಪನ ಹೋಟೆಲಿನ ಪೇಪರು ಓದುತ್ತಿದ್ದ ಕೋನಪ್ಪ ಕತ್ತು ಒಳಗೆ ಹಾಕಿದ. ಕೋನಪ್ಪ ಕರೆಂಟಿನ ಇಲಾಖೆಯಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಸಲಹೆ ಕೊಡುವುದರಿಂದ ಮಾತ್ರ ನಿವೃತ್ತನಾಗಿರಲಿಲ್ಲ.

"ಇದರಲ್ಲಿ ಯೋಚ್ನೆ ಮಾಡೋಕೆ ಏನೈತೆ ಮೂರ್ತಿ? ತೊಂಬತ್ತು ಅಂದ್ರೆ ತೊಂಬತ್ತು ವೋಲ್ಟಿಗೇ ಎಚ್ರ ಆಗ್ತದೆ. ಇನ್ನೂರ ಮೂವತ್ತು ಅಂದ್ರೆ ಅಲ್ಲೀಗಂಟ ನಿದ್ದೆ. ನೀನು ನಾಯಿ ಸಾಕಿದ್ರೆ ಗೇಟಲ್ಲೇ ಬೊಗಳೋದನ್ನ ಸಾಕ್ತೀಯೋ, ಕಳ್ಳ ಅಡುಗೆಮನೆಗೆ ಬಂದ್ಮೇಲೆ ಬೊಗಳೋದನ್ನ ಸಾಕ್ತೀಯೋ?"

"ನಿಜ ಕಣಣ್ಣ," ಎಂದ ಬಯ್ಯಪ್ಪ, ಕಾಫಿ ಲೋಟದೊಂದಿಗೆ ಬಾಗಿಲಿಗೆ ಬಂದು. ಬಯ್ಯಪ್ಪ ಯಾರು ಏನು ಹೇಳಿದರೂ ನಿಜ ಎನ್ನುತ್ತಿದ್ದ. ಹೋಟೆಲು ನಡೆಸುವವನಿಗೆ ಅದು ಒಳ್ಳೆಯ ಗುಣ.

ಮೂರ್ತಿ ತಾನೂ ಒಂದು ಲೆಕ್ಕ ಹಾಕಿದ. ಫೋನಿನ ಗಂಟೆ ಹೊಡೆಯಲು ಎಕ್ಸ್‌ಚೇಂಜು ಕಳಿಸುವುದು ಎಪ್ಪತ್ತೈದು ವೋಲ್ಟು. ಎಪ್ಪತ್ತೈದಕ್ಕಿಂತ ತೊಂಬತ್ತು ದೊಡ್ಡದು. ಅಲ್ಲಿಗೆ ಗಂಟೆಗೆ ತೊಂದರೆಯಿಲ್ಲ, ಸಿಡಿಲಿಗೆ ಉಳಿಗಾಲವಿಲ್ಲ. ಅವನಿಗೆ ತನ್ನ ಬುದ್ಧಿಯ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು. ತಂತಿಗಳೆಲ್ಲ ಒಳಗೆ ಬರುವ ಚೌಕಟ್ಟಿನಲ್ಲಿ ತೊಂಬತ್ತರ ಟ್ಯೂಬುಗಳನ್ನು ಒಂದೊಂದಾಗಿ ಚುಚ್ಚಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು.

ಒಂದೂ ಹತ್ತಕ್ಕೆ ಸರಿಯಾಗಿ ತನುಜಳ ಫೋನು ಬರುವುದು ರೂಢಿ. ಬಂತು. "ಟ್ರಿ" ಎಂದು ನಿಂತುಹೋಯಿತು. ಮೂರ್ತಿ ಎತ್ತಿದ. ಸದ್ದಿಲ್ಲ. ಇಟ್ಟ. ಮತ್ತೆ "ಟ್ರಿ". ಮತ್ತೆ ಮೌನ. ಮೂರನೇ ಸಲ ಆ "ಟ್ರಿ" ಕೂಡ ಬರಲಿಲ್ಲ. ಕೋಪ ಮಾಡಿಕೊಂಡಳೇ ಎಂದು ಅವನು ಚಿಂತಿಸುವಷ್ಟರಲ್ಲಿ ಹೊರಗೆ ಗಲಾಟೆ ಕೇಳಿಸಿತು.

ಊರಿನ ನೂರ ಎಂಬತ್ತೆರಡು ಫೋನುಗಳೂ "ಟ್ರಿ" ಎನ್ನುತ್ತಿದ್ದವು, ಸಾಯುತ್ತಿದ್ದವು. ಇಲ್ಲಿಂದ ಹೊರಗೆ ಮಾಡಿದರೆ ಹೋಗುತ್ತಿತ್ತು, ಹೊರಗಿನಿಂದ ಬಂದದ್ದು ಬಾಗಿಲಲ್ಲೇ ಪ್ರಾಣ ಬಿಡುತ್ತಿತ್ತು. ಶಿಡ್ಲಘಟ್ಟ ಮಾರ್ಕೆಟ್ಟಿನಿಂದ ಗೂಡಿನ ರೇಟು ಕಾಯುತ್ತಿದ್ದವರು ಬಂದರು. ಮದುವೆಗೆ ಒಪ್ಪಿಗೆ ತಿಳಿಸುತ್ತೇವೆ ಎಂದಿದ್ದ ಬೀಗರಿಗೆ ತಾವೇ ಫೋನು ಮಾಡಿದರೆ, ನಮ್ಮ ಫೋನನ್ನು ಬೇಕೆಂದೇ ಕಟ್ ಮಾಡುತ್ತೀರಾ ಎಂದು ಅವರು ಸಿಟ್ಟಾದರೆಂದು ಹೇಳಿಕೊಂಡು ಒಬ್ಬರು ಬಂದರು. ಒಂದೂವರೆಯ ಹೊತ್ತಿಗೆ ಎಕ್ಸ್‌ಚೇಂಜಿನ ಮುಂದೆ ನಿಲ್ಲಲು ಜಾಗವಿರಲಿಲ್ಲ.

"ನಾನು ಆಗ್ಲೇ ಅಂದೆ, ಇನ್ನೂರ ಮೂವತ್ತು ಹಾಕು ಅಂತ," ಎಂದ ಕೋನಪ್ಪ.

"ನಿಜ ಕಣಣ್ಣ," ಎಂದ ಬಯ್ಯಪ್ಪ.

ಗುಂಪನ್ನು ಸರಿಸಿಕೊಂಡು ಒಬ್ಬ ಮುದುಕ ಒಳಗೆ ಬಂದ. ವೆಂಕಟರವಣಪ್ಪ, ಊರ ಕೆರೆಯ ನೀರುಗಂಟಿ. ಐವತ್ತು ವರ್ಷದಿಂದ ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕು, ತೂಬು ಯಾವಾಗ ಎತ್ತಬೇಕು ಎಂದು ನೋಡಿಕೊಂಡು ಬಂದವನು. ಅವನ ಮನೆಯಲ್ಲಿ ಫೋನೇ ಇರಲಿಲ್ಲ. ಗುಂಪು ಏನೆಂದು ನೋಡಲು ಬಂದಿದ್ದ.

"ಈ ಕಾಳು ಏನು ಮಾಡ್ತದಪ್ಪಾ?" ಎಂದು ಒಂದು ಟ್ಯೂಬನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ.

"ತಾತ, ತಂತೀಲಿ ಕರೆಂಟು ಮಿತಿ ಮೀರಿ ಬಂದ್ರೆ ಇದು ಬಾಯಿ ಬಿಟ್ಟು ಅದನ್ನ ಭೂಮಿಗೆ ಹರಿಸಿಬಿಡುತ್ತೆ. ಯಂತ್ರ ಉಳ್ಕೊಳ್ಳುತ್ತೆ."

"ಔನಾ? ಹಂಗಾದ್ರೆ ಇದು ಕೋಡಿ ಅನ್ನು. ಕೆರೆ ಏರಿ ಒಡೀದಿರ್ಲಿ ಅಂತ ಹೆಚ್ಚಾದ ನೀರು ಹೋಗೋಕೆ ಬಿಟ್ಟಿರ್ತೀವಲ್ಲ, ಆ ಕೋಡಿ. ನಿನ್ ಕೋಡಿ ತಗ್ಗಾಗಿದೆ ಕಣಪ್ಪ. ಗದ್ದೆಗೆ ಅಂತ ಇಟ್ಟ ನೀರೂ ಅದರ ಮೇಲೇ ಹರ್ದೋಗ್ತಾ ಐತೆ."

"ಇಲ್ಲ ತಾತ, ಗಂಟೆಗೆ ಬರೋದು ಎಪ್ಪತ್ತೈದು. ಕೋಡಿ ತೊಂಬತ್ತು."

"ಎಪ್ಪತ್ತೈದು ಹೊಸಾ ನೀರು. ಕೆರೇಲಿ ಮೊದ್ಲೇ ಎಷ್ಟು ನಿಂತಿತ್ತು?"

ಮೂರ್ತಿ ಹಣೆ ಬಡಿದುಕೊಂಡ. ತಂತಿಯಲ್ಲಿ ಹಗಲೂ ಇರುಳೂ ನಿಂತೇ ಇರುವ ಬ್ಯಾಟರಿಯ ನಲವತ್ತೆಂಟು ವೋಲ್ಟನ್ನು ಅವನು ಮರೆತೇಬಿಟ್ಟಿದ್ದ. ಅದರ ಮೇಲೆ ಎಪ್ಪತ್ತೈದು. ಗಂಟೆಯ ಕರೆಂಟು ಅಲೆಅಲೆಯಾಗಿ ಬರುವುದರಿಂದ ಅಲೆ ಎದ್ದಾಗ ಇನ್ನೂ ಮೇಲೆ. ನೂರೈವತ್ತು ದಾಟುತ್ತಿತ್ತು. ಕೋನಪ್ಪನ ನಾಯಿ ಮನೆಗೆ ಬಂದ ನೆಂಟರನ್ನೆಲ್ಲ ಕಚ್ಚಿ ಓಡಿಸುತ್ತಿತ್ತು.

"ಇನ್ನೂರ ಮೂವತ್ತು ತಾತ!" ಎಂದು ಮೂರ್ತಿ ಕಿರುಚಿದ. ಆಮೇಲೆ ಗಡಿಯಾರ ನೋಡಿದ. ಮಂಚೇನಹಳ್ಳಿ ಕಡೆಯ ಗುಡ್ಡದ ಹಿಂದೆ ಮೋಡ ಕಪ್ಪಾಗಿ ಎದ್ದಿತ್ತು. ಅವನಿಗೆ ತಡೆಯಲಾಗಲಿಲ್ಲ. ಚಿಂತಾಮಣಿಯ ಪೋಸ್ಟು, ಪೆನ್ಸಿಲು, ರಬ್ಬರು, ಫೋನನ್ನು ಅಪ್ಪ ಎನ್ನುವ ಮಗಳು, ಎಲ್ಲವನ್ನೂ ಅಷ್ಟು ಜನರ ಮುಂದೆ ಒದರಿಬಿಟ್ಟ. ಕೊನೆಗೆ ಕಣ್ಣಲ್ಲಿ ನೀರು ಬಂತು.

ಬೈಯಲು ಬಂದವರಿಗೆ ಬೈಗುಳ ಮರೆತುಹೋಯಿತು.

"ಇದನ್ನ ಬೆಳಿಗ್ಗೇನೇ ಹೇಳ್ಬಾರ್ದೇನಯ್ಯಾ?" ಎಂದು ಕೋನಪ್ಪ ಅಂಗಿ ತೋಳು ಮಡಿಸಿದ. "ಬನ್ರೋ, ಎಲ್ರೂ ಕೈ ಹಾಕಣ. ಈ ಮನುಷ್ಯ ಚಿಂತಾಮಣಿಗೆ ಹೋಗ್ಲೇಬೇಕು."

ಕೋನಪ್ಪನ ಉತ್ಸಾಹ ಎಂದರೆ ಭಯ ಪಡಬೇಕಾದ ವಸ್ತು. ಚೌಕಟ್ಟಿನಿಂದ ತೊಂಬತ್ತರ ಟ್ಯೂಬುಗಳನ್ನು ಸರಸರ ಕಿತ್ತು ಕಿತ್ತು ಅವನು ಹಿಂದೆ ಎಸೆದ. ಹಿಂದೆ ಬಯ್ಯಪ್ಪ ಇನ್ನೂರ ಮೂವತ್ತರ ಚೀಲವನ್ನು ಬಿಚ್ಚಿ, ಅನುಕೂಲವಾಗಲಿ ಎಂದು ದೊಡ್ಡ ತಟ್ಟೆಗೆ ಸುರಿದಿಟ್ಟಿದ್ದ. ಎಲ್ಲವೂ ಆ ತಟ್ಟೆಗೇ ಬಿದ್ದವು. ಮೂರ್ತಿ ತಿರುಗಿ ನೋಡುವಷ್ಟರಲ್ಲಿ ಸುಮಾರು ನಾನೂರು ಅವಳಿ ಜವಳಿ ಕಾಳುಗಳು ಒಂದೇ ರಾಶಿಯಾಗಿದ್ದವು. ಕನ್ನಡಕ ಇದ್ದವರು ಇಣುಕಿದರು, ಇಲ್ಲದವರು ಕಣ್ಣು ಕಿರಿದು ಮಾಡಿದರು. ಅಕ್ಷರ ಯಾರಿಗೂ ಕಾಣಲಿಲ್ಲ.

"ಇಲ್ಲಿ ಕೊಡ್ರೋ," ಎಂದಿತು ಒಂದು ಹೆಣ್ಣು ದನಿ.

ಅದು ಎಕ್ಸ್‌ಚೇಂಜಿನ ಹಿಂದಿನ ಮನೆಯ ಮುನಿಗಂಗಮ್ಮ. ಮೂರ್ತಿ ಒಂದು ಹೆಜ್ಜೆ ಹಿಂದೆ ಸರಿದ. ಯುಗಾದಿಯಿಂದ ಅವಳಿಗೂ ಅವನಿಗೂ ಮಾತಿಲ್ಲ. ಎಕ್ಸ್‌ಚೇಂಜಿನ ಹಿಂದೆ, ಸಿಡಿಲಿನ ಕರೆಂಟು ಭೂಮಿಗೆ ಇಳಿಯಲೆಂದು ಹೂತ ಅರ್ತ್ ಪೈಪಿಗೆ ಅವಳು ಹಲವು ವರ್ಷದಿಂದ ತನ್ನ ಎಮ್ಮೆ ಕಟ್ಟುತ್ತಿದ್ದಳು. ಮುನಿನಾರಾಯಣಪ್ಪನವರು ತಪಾಸಣೆಗೆ ಬಂದು ಸಗಣಿ ತುಳಿದ ಮೇಲೆ ಮೂರ್ತಿ ಎಮ್ಮೆಯನ್ನು ಓಡಿಸಿ, ಸುತ್ತ ಮುಳ್ಳುತಂತಿ ಬೇಲಿ ಹಾಕಿಸಿದ್ದ.

ಮುನಿಗಂಗಮ್ಮ ತಟ್ಟೆಯನ್ನು ಮೊರಕ್ಕೆ ಸುರಿದುಕೊಂಡು ಬೆಳಕಿಗೆ ಕೂತಳು. ನಲವತ್ತು ವರ್ಷ ರೇಷ್ಮೆ ಗೂಡಿನಲ್ಲಿ ಒಳ್ಳೆಯದು ಕೆಟ್ಟದ್ದು ಆರಿಸಿದ ಕಣ್ಣು ಅವು. "ನಂಗೆ ಓದಾಕೆ ಬರಲ್ಲ. ಎರಡು ಗೀಟಿರೋದು ಯಾವ್ದು, ಮೂರು ಗೀಟಿರೋದು ಯಾವ್ದು ಅಷ್ಟು ಹೇಳು," ಎಂದಳು. ತೊಂಬತ್ತಕ್ಕೆ ಎರಡಂಕಿ, ಇನ್ನೂರ ಮೂವತ್ತಕ್ಕೆ ಮೂರು ಎಂದು ಮೂರ್ತಿ ಹೇಳಿದ. ಮುಕ್ಕಾಲು ಗಂಟೆಯಲ್ಲಿ ಎರಡು ಗುಡ್ಡೆಯಾಯಿತು. ಮೂರ್ತಿ ಭೂತಗನ್ನಡಿ ಹಿಡಿದು ಪರೀಕ್ಷಿಸಿದ. ಒಂದೂ ತಪ್ಪಿರಲಿಲ್ಲ.

ಮೂರೂವರೆಗೆ ಹೊಸ ಟ್ಯೂಬುಗಳೆಲ್ಲ ಕೂತವು. ಫೋನುಗಳು ಬಾಯಿ ತುಂಬ "ಟ್ರಿಣ್ ಟ್ರಿಣ್" ಎಂದವು. ಎಲ್ಲರೂ ಚಪ್ಪಾಳೆ ಹೊಡೆದರು. ವೆಂಕಟರವಣಪ್ಪ ಮಾತ್ರ ಹೊಡೆಯಲಿಲ್ಲ.

"ಅದು ಸರಿ. ಕೋಡಿ ಮೇಲೆ ಹರಿದ ನೀರು ಎಲ್ಲಿಗೆ ಹೋಗ್ತದೆ? ಕಾಲುವೆ ಐತಾ?"

ಮೂರ್ತಿ ಮೀಟರು ಹಿಡಿದುಕೊಂಡು ಹಿಂದಕ್ಕೆ ಓಡಿದ. ಅರ್ತ್ ಪೈಪಿನ ಸುತ್ತ ನೆಲ ಸುಟ್ಟ ರೊಟ್ಟಿಯಂತೆ ಬಿರಿದಿತ್ತು. ನೆಲದ ತಡೆಯನ್ನು ಐದು ಓಮಿನೊಳಗೆ ತೋರಿಸಬೇಕಾದ ಮುಳ್ಳು ಮೂವತ್ತೆಂಟರಲ್ಲಿ ನಿಂತಿತು. ನೆಲ ಒಣಗಿದರೆ ಸಿಡಿಲು ಕೆಳಗಿಳಿಯುವುದಿಲ್ಲ. ಕೆಳಗಿಳಿಯದಿದ್ದರೆ ಯಂತ್ರದೊಳಕ್ಕೇ ಬರುತ್ತದೆ. ಯುಗಾದಿಯವರೆಗೆ ಒಂದು ಕಾರ್ಡೂ ಸುಟ್ಟಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅಷ್ಟು ವರ್ಷ ನೆಲಕ್ಕೆ ಬೇಕಾದ ನೀರನ್ನೂ ಉಪ್ಪನ್ನೂ ದಿನವಹಿ ಒದಗಿಸುತ್ತಿದ್ದವರು ಯಾರೆಂಬುದೂ ಹೊಳೆಯಿತು.

ಅವನು ಮುನಿಗಂಗಮ್ಮನ ಕಡೆ ತಿರುಗಿದ. ಅವಳಿಗೂ ಹೊಳೆದಿತ್ತು.

"ಏಮಯ್ಯಾ ಪೋನಪ್ಪಾ, ನಮ್ ಎಮ್ಮೆ ಗಲೀಜು ಅಂದ್ಯಲ್ಲ?"

"ತಪ್ಪಾಯ್ತಮ್ಮ."

"ನಂಗಲ್ಲ, ಅದಕ್ಕೇಳು."

ಮೊದಲು ಎಮ್ಮೆಯಿಲ್ಲದೆಯೇ ನೋಡೋಣವೆಂದು ಜನ ಬೋರಿನಿಂದ ಕೊಡ ಕೊಡ ನೀರು ಹೊತ್ತು ಹೊಯ್ದರು. ಬಯ್ಯಪ್ಪ ಹೋಟೆಲಿನ ಕಲ್ಲುಪ್ಪಿನ ಮೂಟೆಯನ್ನೇ ತಂದು ಸುರಿದ. ಮುಳ್ಳು ಇಪ್ಪತ್ತೆರಡಕ್ಕೆ ಇಳಿಯಿತು, ಹನ್ನೊಂದಕ್ಕೆ ಇಳಿಯಿತು, ಏಳಕ್ಕೆ ಬಂದು ಹಟ ಹಿಡಿಯಿತು. ಉಪ್ಪು ಮುಗಿದಿತ್ತು. ದೂರದಲ್ಲಿ ಗುಡುಗಿತು. ಆಗ ಕೋನಪ್ಪ ಇಕ್ಕಳದಿಂದ ಬೇಲಿ ಕತ್ತರಿಸಿದ. ಮುನಿಗಂಗಮ್ಮ ಎಮ್ಮೆಯನ್ನು ಹೊಡೆದುಕೊಂಡು ಬಂದು ಹಳೆಯ ಜಾಗದಲ್ಲಿ ನಿಲ್ಲಿಸಿದಳು.

ಎಮ್ಮೆ ನಿಂತಿತು. ಮೆಲುಕು ಹಾಕಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ಅದರ ಬಾಲವನ್ನು ನೋಡುತ್ತಿತ್ತು. ಮೂರ್ತಿ ಜೀವಮಾನದಲ್ಲಿ ಯಾವ ಅಧಿಕಾರಿಯ ಮುಂದೆಯೂ ಅಷ್ಟು ಭಕ್ತಿಯಿಂದ ನಿಂತಿರಲಿಲ್ಲ. ಹತ್ತು ನಿಮಿಷವಾದ ಮೇಲೆ ಎಮ್ಮೆ ದೊಡ್ಡ ಮನಸ್ಸು ಮಾಡಿತು.

"ನಾಲ್ಕೂವರೆ!" ಎಂದು ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಮೂರ್ತಿ ಕೂಗಿದ. ಗಂಟೆ ನಾಲ್ಕೂವರೆ ಎಂದುಕೊಂಡು ಕೆಲವರು ಗಡಿಯಾರ ನೋಡಿದರು. ಉಳಿದವರು ಎಮ್ಮೆಗೆ ಕೈ ಮುಗಿದರು. ಸಿಡಿಲಿನ ಹೊತ್ತಲ್ಲಿ ಪೈಪಿನ ಹತ್ತಿರ ಯಾರೂ ನಿಲ್ಲಬಾರದೆಂದು ಮೂರ್ತಿ ಎಮ್ಮೆಯನ್ನೂ ಜನರನ್ನೂ ದೂರ ಕಳಿಸಿದ.

ಐದೂವರೆಗೆ ಮಳೆ ಇಳಿಯಿತು. ಎಲ್ಲರೂ ಬಯ್ಯಪ್ಪನ ಹೋಟೆಲಿನಲ್ಲಿ ಒತ್ತೊತ್ತಾಗಿ ಕೂತರು. ಒಂದು ಸಿಡಿಲು ಕೆರೆಯ ಆಚೆ ಬಿತ್ತು. ಎರಡನೆಯದು ಎಕ್ಸ್‌ಚೇಂಜಿನ ಮುಂದಿನ ಟೆಲಿಫೋನ್ ಕಂಬದ ನೆತ್ತಿಗೇ ಬಿತ್ತು. ಕಣ್ಣು ಬೆಳ್ಳಗಾಯಿತು, ತಟ್ಟೆ ಲೋಟ ಅಲುಗಿದವು, ಊರಿನ ಕರೆಂಟು ಹೋಯಿತು. ಮೂರ್ತಿ ನೆನೆಯುತ್ತಾ ಎಕ್ಸ್‌ಚೇಂಜಿಗೆ ಓಡಿದ. ಬಾಗಿಲು ತಳ್ಳಿದ.

ಒಳಗೆ, ಬ್ಯಾಟರಿಯ ಬಲದಲ್ಲಿ, ಕಾರ್ಡುಗಳ ಹಸಿರು ದೀಪಗಳು ಸಾಲಾಗಿ ಮಿನುಗುತ್ತಿದ್ದವು. ಒಂದೂ ಕೆಂಪಾಗಿರಲಿಲ್ಲ. ಮೂರ್ತಿ ಯಂತ್ರಕ್ಕೆ ಹಣೆ ಹಚ್ಚಿ ನಿಂತ. "ಉಳ್ಕೊಂಡ್ವು!" ಎಂದು ಅವನು ಕೂಗಿದ್ದು ಹೋಟೆಲಿಗೆ ಕೇಳಿಸಿತು. ಅಲ್ಲಿ ಎದ್ದ ಕೇಕೆ ಗುಡುಗನ್ನೂ ಮೀರಿತು.

ಕೂಡಲೇ ಸಾಹೇಬರಿಗೆ ಫೋನು ಮಾಡಿದ. ಎಂಗೇಜು. ಎರಡು ನಿಮಿಷ ಬಿಟ್ಟು ಮಾಡಿದ. ಎಂಗೇಜು. ಹತ್ತು ಸಲ ಮಾಡಿದ. ಮಳೆ ಕಡಿಮೆಯಾಗಿತ್ತು. ಹೋಟೆಲಿನಲ್ಲಿದ್ದ ಜನರೆಲ್ಲ ಏನೋ ಅವಸರದಲ್ಲಿ ಮನೆಗಳ ಕಡೆ ಓಡಿದ್ದರು. ಬಯ್ಯಪ್ಪನ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತಿತ್ತು. ಫೋನು ಸರಿಯಾಯಿತೆಂದು ಪರೀಕ್ಷೆ ಮಾಡುತ್ತಿದ್ದಾರೆ, ಪಾಪ ಎಂದುಕೊಂಡ ಮೂರ್ತಿ. ಆರೂವರೆಗೆ ಲೈನು ಸಿಕ್ಕಿತು.

"ಸಾರ್, ನಕ್ಕಲಕೆರೆ ಮೂರ್ತಿ. ಒಂದು ಕಾರ್ಡೂ ಸುಟ್ಟಿಲ್ಲ ಸಾರ್!"

"ಗೊತ್ತು," ಎಂದರು ಮುನಿನಾರಾಯಣಪ್ಪನವರು. ದನಿ ಒಣಗಿತ್ತು. "ಸುತ್ತಲಿನ ಏಳು ಎಕ್ಸ್‌ಚೇಂಜು ಸತ್ತಿವೆ, ನಿಂದೊಂದೇ ಬದುಕಿರೋದು. ಅದಕ್ಕೇ ಅರ್ಧ ಗಂಟೇಲಿ ನಿಮ್ಮೂರಿಂದ ಮೂವತ್ತೊಂದು ಫೋನು ಬಂದಿವೆ ನಂಗೆ. ಏನು ಮಾಡಿದ್ದೀಯಯ್ಯಾ ಆ ಜನಕ್ಕೆ?"

"ಸಾರ್?"

"ಒಬ್ಬೊಬ್ಬರದೂ ಒಂದೇ ಮಾತು. 'ಮೂರ್ತಿನ ಇಲ್ಲಿಂದ ಕಳಿಸಿಬಿಡಿ ಸ್ವಾಮಿ.' 'ಇವತ್ತೇ ಕಳಿಸಿ.' 'ಚಿಂತಾಮಣಿಗಾದ್ರೂ ಆಗ್ಲಿ, ಒಟ್ಟು ಇಲ್ಲಿರೋದು ಬೇಡ.' ಅಷ್ಟು ಹೇಳಿ ದಬ್ ಅಂತ ಇಡೋದು. ಯಾಕೆ ಅಂತ ಕೇಳೋಕೂ ಬಿಡಲ್ಲ. ಯಾರೋ ಮುನಿಗಂಗಮ್ಮ ಅಂತೆ, ನಿನ್ನನ್ನ ಕಳಿಸದೆ ಹೋದ್ರೆ ಎಮ್ಮೆ ತಂದು ನಮ್ಮಾಫೀಸ್ ಮುಂದೆ ಕಟ್ತಾಳಂತೆ."

ಮೂರ್ತಿಗೆ ಅರ್ಥವಾಯಿತು. ಫೋನಿನ ಮೀಟರು ಓಡುತ್ತದೆಂದು ಪೀಠಿಕೆಯಿಲ್ಲದೆ ವಿಷಯ ಒದರಿ, ಅತ್ತ ಕಡೆಯವರು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುವುದು ನಕ್ಕಲಕೆರೆಯವರ ಹುಟ್ಟುಗುಣ. ಅವನಿಗೆ ಉಪಕಾರ ಮಾಡಲು ಹೊರಟ ಊರೆಲ್ಲ, ಎಕ್ಸ್‌ಚೇಂಜಿನ ಬಾಗಿಲ ಮೇಲೆ ಬರೆದಿದ್ದ ಸಾಹೇಬರ ನಂಬರಿಗೆ ಹಾಗೆಯೇ ಮಾಡಿತ್ತು.

"ಸಾರ್, ಅವರು ನನ್ನ ಮೇಲಿನ ಪ್ರೀತಿಗೆ..."

"ಪ್ರೀತಿ ಇದ್ದೋರು ಹೋಗು ಅಂತಾರೇನಯ್ಯಾ? ಇದು ಸಾರ್ವಜನಿಕರ ದೂರು. ದೂರು ಬಂದವನನ್ನ ಅವನು ಕೇಳಿದ ಊರಿಗೆ ಕಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಹೆಸರು ಅಳಿಸಿದ್ದೀನಿ. ಮಂಗಳವಾರ ನಾನೇ ವಿಚಾರಣೆ ಮಾಡೋಕೆ ಬರ್ತೀನಿ. ನಿನ್ನ ತಪ್ಪಿಲ್ಲ ಅಂತಾದ್ರೆ ಮುಂದಿನ ಲಿಸ್ಟಲ್ಲಿ ನೋಡಣ. ಸಿಡಿಲು ತಡೆದಿದ್ದಕ್ಕೆ ಶಹಬಾಸ್." ಫೋನು ಕೆಳಗಿಟ್ಟ ಸದ್ದಾಯಿತು.

ಮೂರ್ತಿ ಕುರ್ಚಿಗೆ ಕುಸಿದ. ಕಾರ್ಡು ಸುಟ್ಟಿದ್ದರೆ ವರ್ಗ ಸಿಗುತ್ತಿರಲಿಲ್ಲ. ಸುಡದೆ ಉಳಿದದ್ದರಿಂದ ಮೂವತ್ತೊಂದು ಫೋನು ಹೋಗಿ ವರ್ಗ ತಪ್ಪಿತು. ಯಾವ ವೋಲ್ಟಿನ ಟ್ಯೂಬು ಹಾಕಿದ್ದರೆ ತಾನು ಚಿಂತಾಮಣಿ ಸೇರುತ್ತಿದ್ದೆ ಎಂದು ಎಷ್ಟು ಲೆಕ್ಕ ಹಾಕಿದರೂ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಮೊಳಗಿತು. ತನುಜ. ಅವನು ಆದದ್ದನ್ನೆಲ್ಲ ಹೇಳಿದ. ಎಮ್ಮೆಯ ಭಾಗಕ್ಕೆ ಬಂದಾಗ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

"ಬಿಡ್ರಿ, ಮುಂದಿನ ಲಿಸ್ಟು ಅಂದ್ರಲ್ಲ, ಅದೂ ಬರುತ್ತೆ. ಇನ್ನು ಹತ್ತು ದಿನಕ್ಕೆ ದಸರಾ ರಜ. ಮಗೂನ ಕರ್ಕೊಂಡು ನಾವೇ ಬರ್ತೀವಿ. ನಾನೂ ಆ ಎಮ್ಮೇನ ನೋಡ್ಬೇಕು."

ಮೂರ್ತಿಗೂ ನಗು ಬಂತು. ಎದೆ ಹಗುರವಾಯಿತು. ಮುಂದಿನ ಲಿಸ್ಟಿದೆ, ಮಂಗಳವಾರವಿದೆ, ನಿಜ ಹೇಳಿದರೆ ಸಾಹೇಬರಿಗೆ ಅರ್ಥವಾಗದೆ ಇರುತ್ತದೆಯೇ ಎಂದುಕೊಂಡು ಫೋನಿಟ್ಟ. ತಿರುಗಿ ನೋಡಿದರೆ ಬಾಗಿಲ ತುಂಬ ಜನ. ಮೊಣಕಾಲವರೆಗೆ ಕೆಸರು, ಬಯ್ಯಪ್ಪನ ಕೈಯಲ್ಲಿ ಬಿಸಿ ಮೈಸೂರ್‌ಪಾಕಿನ ತಟ್ಟೆ.

ಮೂರ್ತಿ ಆದದ್ದನ್ನು ಹೇಳಿದ. ತಟ್ಟೆ ಕೆಳಗಿಳಿಯಿತು. ತಾವೆಲ್ಲ ಮಾಡಿದ ತಪ್ಪಿಗೆ ಮುನಿಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಷ್ಟೇ ತಾನೆ?" ಎಂದು ಕೋನಪ್ಪ ಎದೆ ತಟ್ಟಿಕೊಂಡ. "ಮಂಗಳವಾರ ಸಾಹೇಬ್ರು ಬರ್ಲಿ. ಒಬ್ಬೊಬ್ರೂ ಉಲ್ಟಾ ಹೇಳಣ. ಮೂರ್ತಿ ಅಂದ್ರೆ ದೇವ್ರು, ಇವ್ರಿಲ್ದೆ ನಮ್ಗೆ ಒಂದು ದಿನಾನೂ ಆಗಾಕಿಲ್ಲ, ಪ್ರಾಣ ಹೋದ್ರೂ ಈ ಊರಿಂದ ಬಿಟ್ಟುಕೊಡಾಕಿಲ್ಲ ಅಂತ!"

"ನಿಜ ಕಣಣ್ಣ!" ಎಂದ ಬಯ್ಯಪ್ಪ.

"ಬೇಡ ಕೋನಪ್ಪಣ್ಣ," ಎಂದು ಮೂರ್ತಿ ಹೌಹಾರಿ ಎದ್ದ. "ಅಷ್ಟೊಂದು ಹೊಗಳ್ಬೇಡಿ, ಸ್ವಲ್ಪ ಕಮ್ಮಿ..."

"ಸಂಕೋಚ ಪಟ್ಕೋಬೇಡ ಕಣಯ್ಯಾ," ಎಂದು ಕೋನಪ್ಪ ಅವನನ್ನು ಪ್ರೀತಿಯಿಂದ ಪಕ್ಕಕ್ಕೆ ಸರಿಸಿ, "ಮಂಗಳವಾರದವರೆಗೂ ಯಾಕೆ ಕಾಯೋದು? ಈಗ್ಲೇ ಹೇಳಿಬಿಡ್ತೀನಿ," ಎಂದು ಸಾಹೇಬರ ನಂಬರು ಒತ್ತಿದ. ಫೋನು ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.